ನಡುವಯಸ್ಸಿನ ನೌಕರನ ಆರೋಗ್ಯ: ಯಾರ ಹೊಣೆ?

ನಮ್ಮ ಸಂಘದ ವಾರ್ಷಿಕ ಸ್ಮರಣ ಸಂಚಿಕೆಯಲ್ಲಿ ಆರೋಗ್ಯ ವಿಭಾಗವು ತಪ್ಪದೆ ಇರುತ್ತದೆ. ಮಧುಮೇಹಿಗಳು ಏನನ್ನು ತಿನ್ನಬೇಕು, ರಕ್ತದೊತ್ತಡವುಳ್ಳವರು ಉಪ್ಪನ್ನು ಎಷ್ಟು ಕಡಿಮೆ ಮಾಡಬೇಕು, ಮುಂಜಾನೆ ಎಷ್ಟು ಹೊತ್ತು ನಡೆಯಬೇಕು ಎಂಬುದನ್ನು ವೈದ್ಯ ಮಹನೀಯರು ಸವಿವರವಾಗಿ ತಿಳಿಸುತ್ತಾರೆ. ನಾವು ಓದುತ್ತೇವೆ, ಮೆಚ್ಚುತ್ತೇವೆ, ಸಂಚಿಕೆಯನ್ನು ಜೋಪಾನವಾಗಿ ಕಪಾಟಿನಲ್ಲಿಡುತ್ತೇವೆ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ, ಬ್ಯಾಂಕೊಂದರಲ್ಲಿ ಅಧಿಕಾರಿ. ಆದರೂ ಈ ವಿಭಾಗದಲ್ಲಿ ಕೆಲವು ಮಾತು ಬರೆಯುವ ಸಾಹಸಕ್ಕೆ ಇಳಿದಿದ್ದೇನೆಂದರೆ ಅದಕ್ಕೆ ನನ್ನ ಕಚೇರಿಯ ಮೇಜೇ ಕಾರಣ.

ಕೆಲವು ವರ್ಷಗಳ ಹಿಂದೆ ನಾನು ಉಪನಗರದ ಶಾಖೆಯೊಂದರಲ್ಲಿದ್ದಾಗ, ಮೃತ ಖಾತೆದಾರರ ಹಣವನ್ನು ವಾರಸುದಾರರಿಗೆ ಸಲ್ಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮಾ ಯೋಜನೆಯ ಫಾರಂಗಳೂ ಅದೇ ಮೇಜಿಗೆ ಬರುತ್ತಿದ್ದವು. ಮರಣಾನಂತರ ಎರಡು ಲಕ್ಷ ರೂಪಾಯಿ ಕೊಡುವ ಈ ಯೋಜನೆಯ ರಕ್ಷಣೆಯು 55ನೆಯ ವಯಸ್ಸಿಗೆ ಮುಗಿಯುವುದರಿಂದ, ಆ ಫಾರಂಗಳಲ್ಲಿ ವೃದ್ಧರ ಹೆಸರು ಇರಲು ಸಾಧ್ಯವೇ ಇಲ್ಲ. ಹಾಗಿರುವಾಗ ಅವುಗಳನ್ನು ನೋಡಿ ಮುಂಬಯಿಯಲ್ಲಿ ಎಲ್ಲರೂ ನಡುವಯಸ್ಸಿನಲ್ಲಿಯೇ ಸಾಯುತ್ತಾರೆಂದು ತೀರ್ಮಾನಿಸಿದರೆ ಅದು ಲೆಕ್ಕ ತಿಳಿಯದವನ ಮಾತಾದೀತು. ಆದರೆ ಪ್ರತಿಯೊಂದು ಫಾರಂನ ಹಿಂದೆಯೂ ಒಬ್ಬ ಹೆಣ್ಣುಮಗಳು ಕುಳಿತಿರುತ್ತಿದ್ದಳು. “ಅವರಿಗೆ ಏನೂ ಇರಲಿಲ್ಲ ಸಾಹೇಬರೇ, ಬೆಳಿಗ್ಗೆ ಡಬ್ಬಿ ತೆಗೆದುಕೊಂಡು ಹೋಗಿದ್ದರು” ಎಂಬ ಮಾತನ್ನು ನಾನು ಕನ್ನಡದಲ್ಲಿ, ತುಳುವಿನಲ್ಲಿ, ಮರಾಠಿಯಲ್ಲಿ ಕೇಳಿದ್ದೇನೆ. ಏನೋ ಇದ್ದೇ ಇತ್ತು. ಇದ್ದುದನ್ನು ಯಾರೂ ನೋಡಿರಲಿಲ್ಲ.

ಈ ವಯೋವರ್ಗದ ಬಗ್ಗೆ ಲೋಕದ ಗಮನ ಮೊದಲು ಹರಿದದ್ದು ಅಮೆರಿಕದ ನಿಮಿತ್ತವಾಗಿ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರಾದ ಆನ್ ಕೇಸ್ ಮತ್ತು ಆಂಗಸ್ ಡೀಟನ್ ಎಂಬ ದಂಪತಿಗಳು 2015ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. 45ರಿಂದ 54 ವರ್ಷದೊಳಗಿನ ಬಿಳಿಯ ಅಮೆರಿಕನ್ನರ ಮರಣ ಪ್ರಮಾಣವು 1999ರಿಂದ 2013ರವರೆಗೆ, ಇತರ ಶ್ರೀಮಂತ ದೇಶಗಳಲ್ಲಿ ಇಳಿಯುತ್ತಿದ್ದ ಹೊತ್ತಿಗೆ, ಅಲ್ಲಿ ಮಾತ್ರ ಏರಿತ್ತು. ಕಾರಣಗಳು ಮೂರು: ಮಾದಕ ಔಷಧಗಳ ವಿಷ, ಮದ್ಯದಿಂದ ಬರುವ ಯಕೃತ್ತಿನ ರೋಗ, ಆತ್ಮಹತ್ಯೆ. ಕಾಲೇಜಿನ ಪದವಿಯಿಲ್ಲದವರೇ ಇವರಲ್ಲಿ ಹೆಚ್ಚು. ಇವುಗಳನ್ನು ಅವರು ಹತಾಶೆಯ ಸಾವುಗಳೆಂದು ಕರೆದರು. ಕಾರ್ಖಾನೆಯ ಕೆಲಸ ಹೋದುದು ಒಂದು ಕಡೆಗಿರಲಿ. ಆ ಕೆಲಸದೊಡನೆ ಕಾರ್ಮಿಕ ಸಂಘ, ಇಗರ್ಜಿಯ ನೆರೆಹೊರೆ, ಸ್ಥಿರವಾದ ಸಂಸಾರ ಇವೆಲ್ಲ ಒಂದೊಂದಾಗಿ ಸಡಿಲಗೊಂಡವೆಂಬುದು ಅವರ ವಿವರಣೆಯ ತಿರುಳು.

ನಮ್ಮ ಪರಿಸ್ಥಿತಿ ಹಾಗಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ರೋಗವನ್ನು ಎರವಲು ತಂದು ನಮಗೆ ಅಂಟಿಸಿಕೊಳ್ಳುವ ಅಗತ್ಯವಿಲ್ಲ. ಆದರೆ ಆ ವಿವರಣೆಯನ್ನು ಓದಿದಾಗ ನನಗೆ ನೆನಪಾದದ್ದು ಪರದೇಶದ ಯಾವ ಊರೂ ಅಲ್ಲ, ಲಾಲ್‌ಬಾಗ್.

ನನ್ನ ತಂದೆಯವರು ಲಾಲ್‌ಬಾಗಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಪಾಳಿ ಮುಗಿಸಿ ಬರುವ ಗಿರಣಿ ಕಾರ್ಮಿಕರೇ ಆ ಹೋಟೆಲಿನ ಗಿರಾಕಿಗಳು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರಷ್ಟೆ. ಅದೇ ವರ್ಷ ನಾನು ಹುಟ್ಟಿದೆ. ಆ ಮುಷ್ಕರವು ವಿಧಿವತ್ತಾಗಿ ಹಿಂದೆಗೆಯಲ್ಪಡಲೇ ಇಲ್ಲ. ಗಿರಣಿಗಳು ಮುಚ್ಚುತ್ತ ಹೋದವು. ಗಿರಣಿಯವರ ಕಷ್ಟವನ್ನು ಕುರಿತು ನಾಟಕ, ಚಲನಚಿತ್ರ, ಗ್ರಂಥಗಳು ಬಂದಿವೆ; ಅವರಿಗೆ ಚಹಾ ಕೊಟ್ಟವರ ಸಂಗತಿಯನ್ನು ಬರೆದವರು ಕಡಿಮೆ. ತಿಂಗಳುಗಟ್ಟಲೆ ಉದ್ರಿ ಕೊಟ್ಟು ಕೊಟ್ಟು 1984ರಲ್ಲಿ ಆ ಹೋಟೆಲೂ ಬಾಗಿಲು ಹಾಕಿತು. ತಂದೆಯವರು ನಲವತ್ತೆರಡನೆಯ ವಯಸ್ಸಿನಲ್ಲಿ ಕಾರ್ಕಳ ತಾಲೂಕಿನ ಊರಿಗೆ ಮರಳಿದರು. ಅಲ್ಲಿ ಉಣ್ಣಲು ಗದ್ದೆಯಿತ್ತು, ಮನೆಯಿತ್ತು. ಆದರೆ ಮುಂಬಯಿಯಿಂದ ಬರಿಗೈಯಲ್ಲಿ ಬಂದವರೊಡನೆ ಏನು ಮಾತಾಡಬೇಕೆಂದು ಊರಿಗೆ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಚಾವಡಿಯಲ್ಲಿ ಕುಳಿತು ದಾರಿ ನೋಡುತ್ತಿದ್ದ ಅವರ ಬೆನ್ನು ನನಗೆ ಚೆನ್ನಾಗಿ ನೆನಪಿದೆ. ಅವರು ಐವತ್ತಮೂರರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗಲೂ ಮನೆಯವರು ಹೇಳಿದ್ದು ‘ಏನೂ ಇರಲಿಲ್ಲ’ವೆಂದೇ.

ಈಗ ಕೆಲಸ ಕಳೆದುಕೊಳ್ಳದವನ ಮಾತಿಗೆ ಬರೋಣ. ಏಕೆಂದರೆ ಇಂದಿನ ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿ ಅಂಥವರೇ. ಸಂಬಳ ತಿಂಗಳು ತಿಂಗಳಿಗೆ ಬರುತ್ತದೆ, ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಸ್ವಂತ ಫ್ಲ್ಯಾಟ್ ಇದೆ, ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿದ್ದಾರೆ. ಇವನಿಗೇನು ಕೊರತೆ ಎಂದು ಊರಿನವರು ಕೇಳುತ್ತಾರೆ. ಅವನೂ ಹಾಗೆಯೇ ಕೇಳಿಕೊಳ್ಳುತ್ತಾನೆ. ಉತ್ತರ ದೊರೆಯದಿದ್ದಾಗ ದೋಷ ತನ್ನದೇ ಎಂದುಕೊಳ್ಳುತ್ತಾನೆ.

ನಮ್ಮವರ ಪಾಲಿಗೆ ಬ್ಯಾಂಕೆಂದರೆ ಬರಿಯ ಉದ್ಯೋಗವಾಗಿರಲಿಲ್ಲ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಅಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಇವು ಮುಂಬಯಿಯ ಬೀದಿಗಳಲ್ಲಿ ಊರಿನ ಫಲಕಗಳಂತಿದ್ದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮರುವರ್ಷ ಅದೇ ದಿನದಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ವಿಲೀನಕ್ಕೆ ಆರ್ಥಿಕ ಕಾರಣಗಳಿದ್ದವು. ಅವುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆ ಕಾರಣದಿಂದ ಸರಕಾರಿ ನೌಕರಿಯೇನೂ ಹೋಗಲಿಲ್ಲ. ಆದರೆ ಇಪ್ಪತ್ತು ವರ್ಷ ಒಂದು ಪದ್ಧತಿಯಲ್ಲಿ ಪಳಗಿದವನು ನಲವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಗಣಕ ವ್ಯವಸ್ಥೆ, ಹೊಸ ಸುತ್ತೋಲೆ, ಹೊಸ ಮೇಲಧಿಕಾರಿ ಇವುಗಳ ಮುಂದೆ ಮತ್ತೆ ಹೊಸಬನಾಗಿ ನಿಲ್ಲಬೇಕಾಯಿತು. ನಾನು ಬೇರೆ ಬ್ಯಾಂಕಿನವನು. ನನ್ನ ರೈಲು ಬೋಗಿಯ ಮಿತ್ರರಲ್ಲಿ ಇಂಥವರು ಇಬ್ಬರಿದ್ದರು. ಅವರಲ್ಲೊಬ್ಬರು ತಮ್ಮ ಹಳೆಯ ಬ್ಯಾಂಕಿನ ಡೈರಿಯನ್ನು ಮೂರು ವರ್ಷ ಕೈಚೀಲದಲ್ಲಿಟ್ಟುಕೊಂಡೇ ತಿರುಗಿದರು. ನಾವು ನಕ್ಕೆವು. ಈಗ ನಗು ಬರುವುದಿಲ್ಲ. ಅವರು ಹೋದ ವರ್ಷ ಪಾರ್ಶ್ವವಾಯುವಿಗೆ ತುತ್ತಾಗಿ ಮನೆಯಲ್ಲಿದ್ದಾರೆ.

ಇನ್ನು ಪ್ರಯಾಣ. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ಗೆ (ಹಳಬರ ಬಾಯಲ್ಲಿ ಅದು ಇನ್ನೂ ವಿ.ಟಿ.ಯೇ) ಸುಮಾರು 48 ಕಿಲೋಮೀಟರು. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಹೋಗಿ ಬರಲು ನನಗೆ ದಿನಕ್ಕೆ ಮೂರೂವರೆ ಗಂಟೆ ಬೇಕು. ವರ್ಷಕ್ಕೆ 270 ಕೆಲಸದ ದಿನಗಳೆಂದು ಹಿಡಿದರೆ 945 ಗಂಟೆ. ಹಗಲೂ ರಾತ್ರಿಯೂ ಸೇರಿ 39 ದಿನ. ಇಪ್ಪತ್ತು ವರ್ಷಗಳಲ್ಲಿ ಇದು ಎರಡು ವರ್ಷಕ್ಕೂ ಮೇಲಾಗುತ್ತದೆ. ಈ ಎರಡು ವರ್ಷಗಳನ್ನು ನಾನು ನಿಂತುಕೊಂಡೇ, ಇನ್ನೊಬ್ಬರ ಬೆವರನ್ನು ಉಸಿರಾಡುತ್ತ ಕಳೆದಿರುತ್ತೇನೆ. ಪ್ರಾಣಭಯವಂತೂ ಬೇರೆ: 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿದ್ದವರು ಹಳಿಯ ಮೇಲೆ ಬಿದ್ದು ನಾಲ್ವರು ಅಂದೇ ಮೃತರಾದರು. ಮರುದಿನ ನಾವೆಲ್ಲ ಅದೇ ಗಾಡಿಗೆ ಹೋದೆವು. ಬೇರೆ ಗಾಡಿ ಇರಲಿಲ್ಲ.

ಯಂತ್ರವನ್ನು ಕೊಂಡರೆ ನಾವು ಪ್ರತಿ ವರ್ಷವೂ ಅದಕ್ಕೆ ಸವಕಳಿಯೆಂದು ಲೆಕ್ಕ ಬರೆಯುತ್ತೇವೆ. ಮನುಷ್ಯನ ಸವಕಳಿಗೆ ಅಂಕಣವಿಲ್ಲ. ವೈದ್ಯಶಾಸ್ತ್ರ ಮಾತ್ರ ಅದನ್ನು ಬರೆಯುತ್ತಿದೆ. 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ, ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ವಯಸ್ಸಿನ ಮಧ್ಯಾಂಕ 53. ಇತರ ದೇಶಗಳವರಿಗೆ ಸುಮಾರು 59. ಅಂದರೆ ಆರು ವರ್ಷ ಮುಂಚಿತ. ನನ್ನ ತಂದೆಯವರ ವಯಸ್ಸು ಆ ಅಂಕಿಗೆ ಸರಿಯಾಗಿ ಹೊಂದುತ್ತದೆಂಬುದನ್ನು ಕಂಡು ನಾನು ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ತಿಳಿಸಿದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು. ಪ್ರಯಾಣದ ಗಂಟೆಗಳು ಈ ಲೆಕ್ಕಕ್ಕೆ ಸೇರಿಲ್ಲವೆಂಬುದನ್ನು ಮುಂಬಯಿಯವರು ಗಮನಿಸಬೇಕು.

ನನ್ನದೇ ಸಂಗತಿಯನ್ನು ಹೇಳದೆ ಮುಂದುವರಿಯುವುದು ಅಪ್ರಾಮಾಣಿಕವಾದೀತು. ಮೂರು ವರ್ಷಗಳ ಹಿಂದೆ ನಮ್ಮ ಬಡಾವಣೆಯಲ್ಲಿ ನಡೆದ ರಕ್ತದಾನ ಶಿಬಿರಕ್ಕೆ ಹೋಗಿದ್ದೆ. ಅಲ್ಲಿನ ತರುಣ ವೈದ್ಯೆ ನನ್ನ ರಕ್ತದೊತ್ತಡವನ್ನು ಎರಡು ಸಲ ಅಳೆದು, “ನಿಮ್ಮ ರಕ್ತ ನಮಗೆ ಬೇಡ, ನೀವು ಮೊದಲು ವೈದ್ಯರ ಬಳಿಗೆ ಹೋಗಿ” ಎಂದಳು. 172ಕ್ಕೆ 108. ನನಗೆ ತಲೆನೋವಿರಲಿಲ್ಲ, ತಲೆ ಸುತ್ತಿರಲಿಲ್ಲ. ಈ ಅಂಕಿಯನ್ನು ನಾನು ಎಂಟು ತಿಂಗಳು ಹೆಂಡತಿಗೆ ಹೇಳಲಿಲ್ಲ. ಬಡ್ತಿಯ ಸಂದರ್ಶನ ಹತ್ತಿರವಿತ್ತು, ಮಗಳ ಹತ್ತನೆಯ ತರಗತಿಯಿತ್ತು, ಊರಿನ ಮನೆಯ ಮಾಡು ಸೋರುತ್ತಿತ್ತು. ಯಾವ ದಿನವೂ ಆ ಮಾತಿಗೆ ತಕ್ಕ ದಿನವಾಗಿ ಕಾಣಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ನಾಳೆಯ ಗುರಿ ಮುಟ್ಟುವುದು ಹೇಗೆಂದು ಛಾವಣಿ ನೋಡುತ್ತಿದ್ದೆ. ಗುರಿಯೆಂದರೆ ವಿಮೆ ಮಾರುವ ಗುರಿ, ಠೇವಣಿ ತರುವ ಗುರಿ, ಬ್ಯಾಂಕಿನವರಿಗೆ ವಿವರಿಸಬೇಕಾಗಿಲ್ಲ. ಕಡೆಗೆ ನನ್ನ ಕೋಟಿನ ಜೇಬಿನಲ್ಲಿ ಮಾತ್ರೆಯ ಪಟ್ಟಿ ಸಿಕ್ಕಿ ಹೆಂಡತಿಗೆ ತಿಳಿಯಿತು. ರೋಗಕ್ಕಾಗಿ ಅವಳು ಅಳಲಿಲ್ಲ. ಎಂಟು ತಿಂಗಳಿಗಾಗಿ ಅತ್ತಳು.

ಈ ಲೇಖನದ ಕರಡನ್ನು ಓದಿ ಅವಳು ಒಂದು ಆಕ್ಷೇಪವನ್ನೂ ಎತ್ತಿದಳು: “ನಿಮ್ಮ ನೌಕರನೆಂದರೆ ಗಂಡಸು ಮಾತ್ರವೋ?” ಆಕ್ಷೇಪ ನ್ಯಾಯವಾದುದು. ಪಶ್ಚಿಮ ರೈಲ್ವೆಯು 1992ರ ಮೇ 5ರಂದು ಚರ್ಚ್‌ಗೇಟಿನಿಂದ ಬೋರಿವಲಿಗೆ ಮಹಿಳೆಯರಿಗಾಗಿಯೇ ಗಾಡಿಯೊಂದನ್ನು ಓಡಿಸತೊಡಗಿದಾಗ ಹೊಸ ಯುಗವೆಂದು ಕೊಂಡಾಡಿದೆವು. ಆ ಗಾಡಿಯಲ್ಲಿ ಕುಳಿತ ಹೆಂಗಸರು ಸೊಪ್ಪು ಸೋಸುತ್ತ, ಬಟಾಣಿ ಸುಲಿಯುತ್ತ ಮನೆಗೆ ಬರುತ್ತಾರೆ. ನನ್ನ ಹೆಂಡತಿ ಶಾಲಾ ಶಿಕ್ಷಕಿ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ನೀರು ಹಿಡಿಯುವಲ್ಲಿಂದ ಅವಳ ದಿನ ಆರಂಭ. ನಲವತ್ತೈದರ ಹೆಣ್ಣಿನ ದೇಹದಲ್ಲಿ ಆಗುವ ಬದಲಾವಣೆಗಳ ವಿಷಯವನ್ನು ನಮ್ಮ ಸಂಚಿಕೆಯ ಯಾವ ಲೇಖನವೂ ಇದುವರೆಗೆ ನೇರವಾಗಿ ಎತ್ತಿಕೊಂಡದ್ದು ನನಗೆ ನೆನಪಿಲ್ಲ. ಅದನ್ನು ಬರೆಯಲು ನಾನು ಅರ್ಹನಲ್ಲ, ಬರೆಯತಕ್ಕವರು ಬರೆಯಲಿ.

ಪರಿಹಾರವೇನು? ಹೆಚ್ಚಿನ ಕಚೇರಿಗಳಲ್ಲಿ ಈಗ ಒಂದು ಹೊಸ ಪದ್ಧತಿ ಬಂದಿದೆ. ವರ್ಷಕ್ಕೊಮ್ಮೆ ಯಾರನ್ನಾದರೂ ಕರೆಸಿ ಮನಶ್ಶಾಂತಿಯ ಮೇಲೆ ಭಾಷಣ ಮಾಡಿಸುತ್ತಾರೆ. ಅದಕ್ಕಾಗಿ ಕಳೆದ ಒಂದು ಗಂಟೆಯನ್ನು ಸಂಜೆ ಹೆಚ್ಚು ಹೊತ್ತು ಕುಳಿತು ತುಂಬಿಕೊಡಬೇಕಾಗುತ್ತದೆ. ನಲವತ್ತು ದಾಟಿದ ಅಧಿಕಾರಿಗಳಿಗೆ ವೈದ್ಯಕೀಯ ತಪಾಸಣೆಯ ಖರ್ಚು ಸಿಗುವುದುಂಟು. ನಮ್ಮವರು ಬಿಲ್ಲನ್ನು ಜೋಪಾನವಾಗಿಟ್ಟು ಹಣ ಪಡೆಯುತ್ತಾರೆ, ವರದಿಯ ಲಕೋಟೆಯನ್ನು ಮಾತ್ರ ತೆರೆಯುವುದಿಲ್ಲ. ತೆರೆಯದ ಲಕೋಟೆಗಳನ್ನು ಸಹೋದ್ಯೋಗಿಗಳ ಮೇಜಿನ ಖಾನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ನನ್ನ ಅಭಿಪ್ರಾಯದಲ್ಲಿ ಮೊದಲ ಔಷಧ ಸಮಯ. ನಲವತ್ತೈದು ದಾಟಿದ ನೌಕರನನ್ನು ಅವನ ಮನೆಗೆ ಹತ್ತಿರದ ಶಾಖೆಗೆ ಹಾಕಿದರೆ ಯಾವ ಬ್ಯಾಂಕೂ ಮುಳುಗುವುದಿಲ್ಲ. ಠಾಣೆ, ಕಲ್ಯಾಣ, ವಸಯಿಗಳಲ್ಲಿ ಶಾಖೆಗಳಿಲ್ಲವೇ? ಡೊಂಬಿವಲಿಯವನು ಫೋರ್ಟಿಗೂ, ದಾದರಿನವನು ಕಲ್ಯಾಣಕ್ಕೂ ಎದುರುಬದುರಾಗಿ ಓಡುವುದನ್ನು ನಾನು ಕಂಡಿದ್ದೇನೆ. ಈ ಕುರಿತು ಮೂರು ಸಲ ಅರ್ಜಿ ಸಲ್ಲಿಸಿದ್ದೇನೆ. ಆಡಳಿತದ ಅನುಕೂಲವೆಂಬ ಉತ್ತರ ಮೂರು ಸಲವೂ ಬಂದಿದೆ. ನೌಕರರ ಸಂಘಗಳು ವೇತನದ ಮಾತನ್ನು ಸಮರ್ಥವಾಗಿ ಆಡುತ್ತವೆ. 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳ ರಜೆ ದೊರೆತದ್ದೂ ಅವುಗಳ ಪ್ರಯತ್ನದಿಂದಲೇ. ವರ್ಗಾವಣೆಯನ್ನು ಆರೋಗ್ಯದ ಪ್ರಶ್ನೆಯೆಂದು ಅವು ಮಂಡಿಸಬೇಕು.

ವ್ಯಾಯಾಮದ ವಿಷಯದಲ್ಲಿ ಒಂದೇ ಮಾತು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರೀಕ್ಷಿಸಿದ ಜೆರಿ ಮಾರಿಸ್ ಎಂಬ ವೈದ್ಯರು, ಕುಳಿತು ಓಡಿಸುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಿಗೆ ಹೃದ್ರೋಗ ಕಡಿಮೆಯೆಂದು 1953ರಲ್ಲಿಯೇ ತೋರಿಸಿಕೊಟ್ಟರು. ನಮ್ಮ ಬೆಸ್ಟ್ ಸಂಸ್ಥೆಯ ಹಳೆಯ ಕೆಂಪು ಡಬಲ್ ಡೆಕ್ಕರುಗಳು 2023ರಲ್ಲಿ ನಿವೃತ್ತವಾದವು. ಆದರೆ ಪ್ರತಿಯೊಂದು ರೈಲು ನಿಲ್ದಾಣದಲ್ಲಿಯೂ ಮೆಟ್ಟಿಲುಗಳಿವೆ. ಎಸ್ಕಲೇಟರಿನ ಮುಂದೆ ಸರದಿಯಲ್ಲಿ ನಿಲ್ಲುವವರಲ್ಲಿ ನಾನೂ ಒಬ್ಬನಾಗಿದ್ದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದುದು ನಮ್ಮ ಸಂಘಗಳಿಗೆ. 2021ರಿಂದ 2025ರವರೆಗೆ ಎರಡನೆಯ ಬಾರಿಗೆ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. 2023ರಲ್ಲಿ ಅವರು ತಮ್ಮ ದೇಶಕ್ಕೆ ನೀಡಿದ ಎಚ್ಚರಿಕೆ ತಂಬಾಕನ್ನು ಕುರಿತದ್ದಲ್ಲ, ಒಂಟಿತನವನ್ನು ಕುರಿತದ್ದು. ಜನಸಂಪರ್ಕವಿಲ್ಲದ ಬಾಳು ಆಯುಷ್ಯಕ್ಕೆ ಮಾಡುವ ಹಾನಿಯನ್ನು ದಿನಕ್ಕೆ ಹದಿನೈದು ಸಿಗರೇಟು ಸೇದುವುದರ ಹಾನಿಗೆ ಹೋಲಿಸಬಹುದೆಂದು ಅದರಲ್ಲಿ ಹೇಳಿದೆ. ಲೋಕಲಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲುವ ನಮಗೆಲ್ಲಿಯ ಒಂಟಿತನ ಎನ್ನಬೇಡಿ. ಎಂಟು ತಿಂಗಳು ಒಂದು ಅಂಕಿಯನ್ನು ಜೇಬಿನಲ್ಲಿಟ್ಟುಕೊಂಡು ಆ ಗುಂಪಿನಲ್ಲಿ ನಿಂತವನು ನಾನು.

ಮುಂಬಯಿಯ ಕನ್ನಡ ಸಂಸ್ಥೆಗಳು ಹುಟ್ಟಿದ್ದು ಸನ್ಮಾನ ಸಮಾರಂಭಗಳಿಗಾಗಿ ಅಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಇವು ಆಯಾ ಕಾಲದಲ್ಲಿ ಊರು ಬಿಟ್ಟು ಬಂದವರಿಗೆ ನೆಲೆಯಾದವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು ಮುಂದೆ ವಕೀಲರಾದರು, ಉದ್ಯಮಿಗಳಾದರು. ಅಂದಿನ ಕೊರತೆ ಅಕ್ಷರದ್ದು. ಸಂಘಗಳು ಅದನ್ನು ಗುರುತಿಸಿದವು. ಇಂದಿನ ಕೊರತೆ ಬೇರೆ. ನಮ್ಮ ಸಭಾಗೃಹಕ್ಕೆ ಬಂದು ನೋಡಿ: ಮುಂದಿನ ಸಾಲುಗಳಲ್ಲಿ ಹಿರಿಯರು, ವೇದಿಕೆಯ ಮೇಲೆ ನೃತ್ಯ ಮಾಡುವ ಮಕ್ಕಳು. ನಲವತ್ತರಿಂದ ಐವತ್ತೈದರವರೆಗಿನವರು ಎಲ್ಲಿ? ಅವರು ಈ ಸಂಚಿಕೆಯ ಜಾಹೀರಾತುಗಳಲ್ಲಿ, ಶುಭಾಶಯ ಕೋರುವವರ ಪಟ್ಟಿಯಲ್ಲಿ ಇದ್ದಾರೆ. ನಾವು ಅವರಿಂದ ದೇಣಿಗೆ ಕೇಳುತ್ತೇವೆ. ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೂ ‘ಫಸ್ಟ್ ಕ್ಲಾಸ್’ ಎಂಬ ಉತ್ತರ ಬರುತ್ತದೆ. ಮುಂಬಯಿಗೆ ಬಂದವನು ಊರಿನವರ ಮುಂದೆ ಚೆನ್ನಾಗಿಯೇ ಇರಬೇಕೆಂಬ ಕಟ್ಟಳೆಯನ್ನು ಯಾರು ಮಾಡಿದರೋ ತಿಳಿಯದು.

ದೊಡ್ಡ ಶಿಬಿರ, ಬ್ಯಾನರು, ಮುಖ್ಯ ಅತಿಥಿ, ಇವು ಯಾವುವೂ ಬೇಡವೆಂಬುದು ನನ್ನ ಸಲಹೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಭಾಗೃಹದ ಬಾಗಿಲು ತೆರೆದಿರಲಿ. ಒಂದು ರಕ್ತದೊತ್ತಡದ ಯಂತ್ರ, ಒಂದು ಸಕ್ಕರೆ ಅಳೆಯುವ ಯಂತ್ರ, ಒಂದು ದಪ್ಪ ರಿಜಿಸ್ಟರು. ನಲವತ್ತು ದಾಟಿದ ಪ್ರತಿಯೊಬ್ಬ ಸದಸ್ಯ, ಸದಸ್ಯೆಯ ಹೆಸರಿಗೆ ಒಂದು ಪುಟ. ಅಂಕಿ ಏರಿದವರು ಮುಂದಿನ ತಿಂಗಳು ಬಾರದಿದ್ದರೆ ಒಬ್ಬರು ಅವರ ಮನೆಗೆ ಹೋಗಿ ಬರಬೇಕು. ಬ್ಯಾಂಕಿನಲ್ಲಿ ಒಂದು ಕಂತು ತಪ್ಪಿದರೆ ನಾವು ಸಾಲಗಾರನ ಮನೆಗೆ ಹೋಗುವುದಿಲ್ಲವೇ? ಉಳಿದ ಹೊತ್ತು ಚಹಾ ಕುಡಿದು ಹರಟೆ ಹೊಡೆಯಲಿ, ಇಸ್ಪೀಟು ಆಡಿದರೂ ಅಡ್ಡಿಯಿಲ್ಲ. ಮನಸ್ಸಿನ ಭಾರವನ್ನು ಪರಿಚಯಸ್ಥರ ಮುಂದೆ ಇಳಿಸಲಾಗದವರಿಗಾಗಿ ಗೋಡೆಯ ಮೇಲೆ 14416 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆದಿಡಬೇಕು. ಇದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ. ಶುಲ್ಕವಿಲ್ಲ, ಹಗಲೂ ರಾತ್ರಿಯೂ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎಚ್ಚರವಾಗುವವರು ಸಂಖ್ಯೆಯನ್ನು ಗುರುತು ಮಾಡಿಕೊಳ್ಳಲಿ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಖಜಾಂಚಿಗಳು ಕೇಳುವರೆಂದು ನಾನು ಲೆಕ್ಕ ಹಾಕಿಟ್ಟಿದ್ದೇನೆ. ಒಂದು ಸನ್ಮಾನದ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆಗಳ ವೆಚ್ಚದಲ್ಲಿ ಒಂದು ರಕ್ತದೊತ್ತಡದ ಯಂತ್ರ ಬರುತ್ತದೆ. ಯಂತ್ರವನ್ನು ನಾನು ಈಗಾಗಲೇ ಕೊಂಡಿದ್ದೇನೆ. ರಿಜಿಸ್ಟರಿಗೆ ಗೆರೆ ಹಾಕಿಯೂ ಆಗಿದೆ. ಮೊದಲ ಪುಟದಲ್ಲಿ ನನ್ನ ಹೆಸರು, ಎರಡನೆಯದರಲ್ಲಿ ನನ್ನ ಹೆಂಡತಿಯದು. ಭಾನುವಾರ ಬೆಳಿಗ್ಗೆ ಸಭಾಗೃಹದ ಕೀಲಿಕೈ ಬೇಕೆಂದು ಕಾರ್ಯಕಾರಿ ಸಮಿತಿಗೆ ಬರೆದ ಪತ್ರಕ್ಕೆ ಉತ್ತರ ಇನ್ನೂ ಬರಬೇಕಾಗಿದೆ.